ಗೋಡೆಗೆ ಹೊಟ್ಟೆ ಬಂದ ವರ್ಷ

ಶಿಕಾರಿಪುರದ ಒಂದು ಟೈಲ್ಸ್ ಅಂಗಡಿಯಲ್ಲಿ ಸಂಬಳಕ್ಕಿದ್ದ ಮೊಯಿನ್‌ಗೆ ಒಂದೇ ಒಂದು ವಿದ್ಯೆ ಚೆನ್ನಾಗಿ ಒಲಿದಿತ್ತು. ಗಿರಾಕಿ ಏನೇ ಕೇಳಲಿ, "ಆಗುತ್ತೆ ಬಿಡಿ" ಅನ್ನುವುದು. ದೇವರ ಮನೆಗೆ ಕನ್ನಡಿಯಂತೆ ಹೊಳೆಯುವ ಟೈಲ್ಸ್ ಬೇಕು, ಆದರೆ ಅಜ್ಜಿಯ ಕಾಲು ಜಾರಬಾರದು ಅಂದರೂ ಆಗುತ್ತೆ ಬಿಡಿ. ನಾಡಿದ್ದು ಗೃಹಪ್ರವೇಶ, ಇನ್ನೂ ಲಾರಿ ಹತ್ತದ ಮಾಲು ನಾಳೆ ಬೆಳಿಗ್ಗೆ ಮನೆ ಮುಂದೆ ಇಳಿಯಬೇಕು ಅಂದರೂ ಆಗುತ್ತೆ ಬಿಡಿ. ಆಗದೇ ಹೋದಾಗ ಬೈಸಿಕೊಳ್ಳುವುದೂ ಅದೇ ಸಂಬಳದಲ್ಲಿ ಸೇರಿತ್ತು, ಅದಕ್ಕೆ ಬೇರೆ ಭತ್ಯೆ ಇರಲಿಲ್ಲ. ಹಗಲೆಲ್ಲ ಊರವರ ಬಚ್ಚಲುಮನೆಗೆ ಯಾವ ಬಣ್ಣ ಒಪ್ಪುತ್ತದೆ ಎಂದು ಗಂಟಲು ಹರಿಯುವಂತೆ ಹೇಳಿ, ಸಂಜೆ ಬಸ್ಸಿನಲ್ಲಿ ನಿಂತುಕೊಂಡೇ ಶಿರಾಳಕೊಪ್ಪಕ್ಕೆ ಬಂದರೆ, ಅವನು ಮಲಗುತ್ತಿದ್ದದ್ದು ಮಣ್ಣಿನ ಗೋಡೆಯ ಬಾಡಿಗೆ ಮನೆಯಲ್ಲಿ. ಆ ಗೋಡೆ ಬೀಳದಿರಲೆಂದು ಎರಡು ನೀಲಗಿರಿ ಕಂಬ ಆನಿಸಿ ನಿಲ್ಲಿಸಿದವನೂ ಅವನೇ. ಸಲಹೆ ಕೊಡುವವರ ಮನೆ ಹೀಗೇ ಇರುವುದು ಲೋಕರೂಢಿ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದ.

ಅವನ ಕಥೆ ಇಷ್ಟೇ. ಹೇಳಬೇಕಾದ್ದು ಅವನ ನಾನಿಮಾ, ಅಂದರೆ ತಾಯಿಯ ತಾಯಿ, ಖತೀಜಾಬಿಯ ಕಥೆ.

ಖತೀಜಾಬಿ ಶಿರಾಳಕೊಪ್ಪದ ಪೇಟೆ ಬೀದಿಯ ಆ ಮನೆಗೆ ಬಂದಾಗ ಮೊಯಿನ್‌ನ ತಾಯಿ ಆಸ್ಮಾ ಇನ್ನೂ ಕಂಕುಳ ಕೂಸು. ಗಂಡ ಸಂತೆಯಿಂದ ಸಂತೆಗೆ ಬಳೆ ಮಾರುತ್ತಿದ್ದವನು. ಅವನು ತೀರಿಕೊಂಡ ಮೇಲೆ ಉಳಿದ ಬಳೆಗಳನ್ನು ಬೀದಿಯ ಹೆಣ್ಣುಮಕ್ಕಳ ಕೈಗೆ ತೊಡಿಸಿ ಮುಗಿಸಿ, ಖತೀಜಾಬಿ ಶಾವಿಗೆ ಒತ್ತುವ ಯಂತ್ರ ತಂದು ಹಾಕಿದಳು. ಯಂತ್ರವೆಂದರೆ ಹಿತ್ತಾಳೆಯ ಅಚ್ಚು, ಕಬ್ಬಿಣದ ಹಿಡಿಕೆ, ಅದನ್ನು ಬಿಗಿದು ಕೂರಿಸಿದ ಒಂದು ಹಲಗೆ. ಬೇಸಿಗೆ ಹುಟ್ಟಿದರೆ ಸಾಕು, ಪೇಟೆಯವರು, ಸುತ್ತಲ ಹಳ್ಳಿಯವರು ರವೆಯ ಡಬ್ಬಿ ಹಿಡಿದು ಬರುತ್ತಿದ್ದರು. ವರ್ಷಕ್ಕಾಗುವಷ್ಟು ಒತ್ತಿಸಿ, ಹಿತ್ತಲಿನ ಬಿದಿರು ಕೋಲುಗಳ ಮೇಲೆ ಶಾವಿಗೆ ಹರವಿ, ಅದು ಒಣಗುವ ತನಕ ಊರ ಸುದ್ದಿ ಹರವಿಕೊಂಡು ಕೂರುತ್ತಿದ್ದರು. ಈಚಿನ ವರ್ಷಗಳಲ್ಲಿ ಯುಗಾದಿಯೂ ರಂಜಾನೂ ಬೆನ್ನಿಗೆ ಬೆನ್ನು ಹಚ್ಚಿ ಬರುತ್ತಿದ್ದುದರಿಂದ ಪಾಯಸದವರೂ ಶೀರ್‌ಖುರ್ಮಾದವರೂ ಒಂದೇ ಸಾಲಿನಲ್ಲಿ ನಿಂತಿರುತ್ತಿದ್ದರು. ಹಿಡಿಕೆ ತಿರುಗಿಸಿ ತಿರುಗಿಸಿ ಖತೀಜಾಬಿಯ ಬಲಭುಜ ಸವೆದಿತ್ತು. ಮೋಟಾರು ಕೂಡಿಸಿದ ಹೊಸ ಯಂತ್ರಕ್ಕೆಂದು ಅಕ್ಕಿ ಡಬ್ಬಿಯ ತಳದಲ್ಲಿ ಕಾಸು ಕೂಡಿಡುತ್ತಿದ್ದಳು. ಆ ಡಬ್ಬಿಯ ಅಕ್ಕಿ ಮಾತ್ರ ಎಂದೂ ಪೂರ್ತಿ ಖರ್ಚಾಗುತ್ತಿರಲಿಲ್ಲ.

ಮನೆ ಬಳ್ಳಿಗಾವಿಯ ರೈತರದು. ಈಗಿನ ಮಾಲೀಕ ಪುಟ್ಟಪ್ಪನ ತಾಯಿ ನಿಂಗಮ್ಮ, ಸಂತೆಗೆ ಬಂದಾಗ ಇಳಿಯಲು ಒಂದು ಸೂರಿರಲಿ ಎಂದು ಕಟ್ಟಿಸಿದ್ದು. ಆಮೇಲೆ ಬಾಡಿಗೆಗೆ ಬಿಟ್ಟಳು. ಆಕೆಗೂ ಓದು ಬರುತ್ತಿರಲಿಲ್ಲ, ಖತೀಜಾಬಿಗೂ ಬರುತ್ತಿರಲಿಲ್ಲ. ಆದ್ದರಿಂದ ಕರಾರನ್ನು ಮೊರದಲ್ಲಿ ಮಾಡಿಕೊಂಡರು. ಮೊರದ ತುಂಬ ಅಕ್ಕಿ, ಅದರ ಮೇಲೆ ಒಂದು ಅಚ್ಚು ಬೆಲ್ಲ, ಬೆಲ್ಲದ ಪಕ್ಕ ಮನೆಯ ಕೀಲಿಕೈ. ಪ್ರತಿ ವರ್ಷ ಯುಗಾದಿ ಕಳೆದ ಮೊದಲ ಸಂತೆಯ ದಿನ ಖತೀಜಾಬಿ ಕೀಲಿಕೈಯನ್ನು ಮೊರದಲ್ಲಿಟ್ಟು ಕೊಡಬೇಕು. ನಿಂಗಮ್ಮ ಅದನ್ನು ಕಣ್ಣಿಗೊತ್ತಿಕೊಂಡು ತಿರುಗಿ ಕೊಡಬೇಕು. ಕೊಡುವಾಗ ಆಕೆ ಹೇಳುತ್ತಿದ್ದ ಮಾತು ಬೀದಿಗೆಲ್ಲ ಬಾಯಿಪಾಠ: "ಒಡೆದ ಹೆಂಚು ನಿಂದು, ಮುರಿದ ತೊಲೆ ನಂದು. ಯಾವ ವರ್ಷ ಮನೆ ಬ್ಯಾಡ ಅನಿಸ್ತದೋ ಆ ವರ್ಷ ಕೈ ಚಾಚಬ್ಯಾಡ."

ನಿಂಗಮ್ಮ ಹೋದ ಮೇಲೂ ಮೊರ ನಿಲ್ಲಲಿಲ್ಲ. ಮಗ ಪುಟ್ಟಪ್ಪ, ಸೊಸೆ ವರದಮ್ಮ ಬಳ್ಳಿಗಾವಿಯಿಂದ ಬೆಲ್ಲ ತರುತ್ತಿದ್ದರು. ಬಾಡಿಗೆ ಒಂದಿಷ್ಟು ಏರಿಸುವುದಿದ್ದರೆ ಆ ಹೊತ್ತಿಗೇ ಬಾಯಿ ಬಿಡುತ್ತಿದ್ದರು, ಖತೀಜಾಬಿ ಒಂದಿಷ್ಟು ಇಳಿಸುತ್ತಿದ್ದಳು. ಕೊನೆಗೆ ಎಲ್ಲರೂ ಶಾವಿಗೆ ಪಾಯಸ ಕುಡಿದು ಏಳುತ್ತಿದ್ದರು. ಒಡೆದ ಹೆಂಚನ್ನು ಪ್ರತಿ ವರ್ಷ ಮಳೆಗೆ ಮುಂಚೆ ಖತೀಜಾಬಿಯೇ ಬದಲಿಸುತ್ತಿದ್ದಳು. ಸುಣ್ಣ ಅವಳದೇ, ನಲ್ಲಿ ಅವಳದೇ, ಬಾಗಿಲಿನ ಬಣ್ಣವೂ ಅವಳದೇ. ತೊಲೆ ಮುರಿಯುವ ಪ್ರಸಂಗ ಮಾತ್ರ ಬಂದಿರಲಿಲ್ಲ.

ಹೋದ ಮಳೆಗಾಲದಲ್ಲಿ ಬಂತು. ಬೀದಿ ಕಡೆಯ ಗೋಡೆಗೆ ಹೊಟ್ಟೆ ಬಂತು. ಮೊದಲು ಊಟ ಮಾಡಿ ಎದ್ದವರ ಹೊಟ್ಟೆಯಷ್ಟು, ಆಮೇಲೆ ಮದುವೆ ಊಟ ಮಾಡಿ ಎದ್ದವರ ಹೊಟ್ಟೆಯಷ್ಟು. ಗೋಡೆಯ ಮೇಲೆ ಕೂತಿದ್ದ ತೊಲೆಯ ತುದಿಗೆ ಗೆದ್ದಲು ಹತ್ತಿತ್ತು. ಬಾಗಿಲಿನ ಚೌಕಟ್ಟು ವಾರೆಯಾಯಿತು. ಗಾರೆ ಕೆಲಸದವನು ಬಂದು ನೋಡಿ, ಇದನ್ನು ಮೆತ್ತಿ ಮುಚ್ಚಿದರೆ ಆಗುವುದಿಲ್ಲ, ಗೋಡೆ ಪೂರ್ತಿ ಇಳಿಸಿ ತಳದಿಂದ ಕಟ್ಟಬೇಕು, ತೊಲೆ ಬದಲಿಸಬೇಕು ಎಂದು ಹೇಳಿ ಹೋದ.

ಇಲ್ಲಿ ಮೊಯಿನ್ ಮತ್ತೆ ಕಥೆಯೊಳಗೆ ಬರುತ್ತಾನೆ. ಬರದೇ ಇದ್ದಿದ್ದರೆ ಎಲ್ಲರಿಗೂ ಒಳ್ಳೆಯದಿತ್ತು.

ಯುಗಾದಿ ಹತ್ತಿರವಿದ್ದಾಗ ಒಂದು ಮಧ್ಯಾಹ್ನ ಪುಟ್ಟಪ್ಪ ಸಿಮೆಂಟಿನ ದರ ಕೇಳಲು ಟೈಲ್ಸ್ ಅಂಗಡಿಗೆ ಬಂದ. ಅಂಗಡಿಯಲ್ಲಿ ಗಿರಾಕಿಗಳ ಗದ್ದಲ. ಒಬ್ಬರಿಗೆ ಅಡುಗೆ ಮನೆಯ ಕಪ್ಪು ಕಲ್ಲು, ಇನ್ನೊಬ್ಬರಿಗೆ ಮೆಟ್ಟಿಲಿನ ಅಂಚು. ಗಲ್ಲಾದಲ್ಲಿ ಕೂತ ಮಾಲೀಕರ ಕಣ್ಣು ಮೊಯಿನ್‌ನ ಬೆನ್ನ ಮೇಲೆ. ಆ ಸಂದಿಯಲ್ಲಿ ಪುಟ್ಟಪ್ಪ ಮೆಲ್ಲಗೆ, ಗೋಡೆ ಖರ್ಚಿಗೆ ಅರ್ಧ ನಾವು ಅರ್ಧ ನೀವು ಅಂದರೆ ಆಗುತ್ತದೇನಪ್ಪ ಎಂದು ಕೇಳಿದ. ಮೊಯಿನ್ ಕೈಯಲ್ಲಿದ್ದ ಟೈಲ್ಸ್ ತಿರುಗಿಸಿ ತೋರಿಸುತ್ತಲೇ, "ಆಗುತ್ತೆ ಬಿಡಿ ಕಾಕಾ" ಅಂದ. ಅಷ್ಟಕ್ಕೂ ನಿಲ್ಲಿಸದೆ, ಸಿಮೆಂಟಿಗೆ ಡಿಸ್ಕೌಂಟ್ ಕೊಡಿಸುವುದಾಗಿಯೂ ಹೇಳಿದ.

ತಾನು ಏನು ಹೇಳಿದೆ ಎಂಬುದು ಅವನಿಗೆ ಹೊಳೆದದ್ದು ಸಂಜೆ ಬಸ್ಸಿನಲ್ಲಿ. ಅರ್ಧವೆಂದರೆ ಅಕ್ಕಿ ಡಬ್ಬಿ ತಳ ಸಹಿತ ಹೋದಂತೆ. ಮೋಟಾರು ಯಂತ್ರ ಹೋಯಿತು, ನಾನಿಮಾಳ ಭುಜವೂ ಹೋಯಿತು.

ಮನೆಗೆ ಬಂದು ಹೇಳಿದ. ಖತೀಜಾಬಿ ಹಿಡಿಕೆ ತಿರುಗಿಸುವುದನ್ನು ನಿಲ್ಲಿಸಲಿಲ್ಲ. ಶಾವಿಗೆ ಎಳೆ ಎಳೆಯಾಗಿ ಇಳಿಯುತ್ತಲೇ ಇತ್ತು.

"ನಿಮ್ಮ ಅಂಗಡೀಲಿ ಈಗ ಜನರ ಮನೇನೂ ಮಾರ್ತಾರಾ ಬೇಟಾ?" ಎಂದು ಮಾತ್ರ ಕೇಳಿದಳು.

ಮರುದಿನದಿಂದ ಮೊಯಿನ್ ಮೊಬೈಲಿನಲ್ಲಿ ಕಾನೂನು ಕಲಿಯತೊಡಗಿದ. ವಕೀಲರೆಂದು ಹೇಳಿಕೊಂಡ ಕೋಟು ಹಾಕಿದವರು, ಹಾಕದವರು, ಎಲ್ಲರ ವಿಡಿಯೊ ನೋಡಿದ. ಬಹುಮಟ್ಟಿಗೆ ಎಲ್ಲರದೂ ಒಂದೇ ರಾಗ. ಗೋಡೆ, ಸೂರು, ತೊಲೆಯಂಥ ದೊಡ್ಡ ರಿಪೇರಿ ಮನೆ ಮಾಲೀಕನ ತಲೆಗೆ. ನಲ್ಲಿ, ಬಲ್ಬು, ಚರಂಡಿಯ ಕಸದಂಥ ದಿನಬಳಕೆಯ ರಿಪೇರಿ ಬಾಡಿಗೆಯವರ ತಲೆಗೆ. ಬಾಡಿಗೆಯವರೇ ಕೆಡಿಸಿದ್ದರೆ ಮಾತು ಬೇರೆ. ಮೊಯಿನ್ ಖುಷಿಯಾದ. ವಿಡಿಯೊದ ಕೊನೆಯಲ್ಲಿ ಮಾತ್ರ ಅವರೆಲ್ಲ ಇನ್ನೊಂದು ಮಾತು ಸೇರಿಸುತ್ತಿದ್ದರು: ನೀವೇ ಬೇರೆ ಥರ ಒಪ್ಪಿಕೊಂಡಿದ್ದರೆ ಅದನ್ನೂ ನೋಡಬೇಕಾಗುತ್ತದೆ. ಅಲ್ಲಿಗೆ ಬಂದಾಗ ಅವನು ವಿಡಿಯೊ ಬಂದ್ ಮಾಡುತ್ತಿದ್ದ.

ಆದರೂ ಒಂದು ಭಾಷಣ ಸಿದ್ಧ ಮಾಡಿಕೊಂಡ. ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು ಅದನ್ನೇ ಗುನುಗಿದ. ಪಕ್ಕದವರು ಫೋನಿನಲ್ಲಿ ಯಾರಿಗೋ ಬೈಯುತ್ತಿದ್ದಾನೆ ಎಂದು ತಿಳಿದು ಸೀಟು ಬಿಟ್ಟುಕೊಟ್ಟರು. ಅವನ ಕಾನೂನು ಜ್ಞಾನದಿಂದ ದೊರೆತ ಲಾಭ ಅದೊಂದೇ.

ಯುಗಾದಿ ಕಳೆದು ಸಂತೆಯ ದಿನ ಬಂತು. ಮೊಯಿನ್ ಅರ್ಧ ದಿನ ರಜೆ ಹಾಕಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೂತ. ಪುಟ್ಟಪ್ಪ, ವರದಮ್ಮ ಬಂದು ಚಾಪೆ ಮೇಲೆ ಕೂತರು. ಎದುರು ಮನೆಯ ದುರುಗಮ್ಮ ಸೊಪ್ಪು ಸೋಸುವ ನೆಪದಲ್ಲಿ ಜಗಲಿಗೆ ಬಂದಳು. ಖತೀಜಾಬಿ ಮೊರ ತಂದು ಪುಟ್ಟಪ್ಪನ ಮುಂದಿಟ್ಟಳು. ಅಕ್ಕಿ, ಬೆಲ್ಲ, ಕೀಲಿಕೈ.

ಪುಟ್ಟಪ್ಪ ಕೀಲಿಕೈ ಎತ್ತಿಕೊಂಡ. ಕಣ್ಣಿಗೊತ್ತಿಕೊಂಡ. ತಿರುಗಿ ಕೊಡುವ ಮೊದಲು ಕೆಮ್ಮಿ, ಶುಂಠಿ ಈ ವರ್ಷ ಕೊಳೆರೋಗಕ್ಕೆ ಹೋದದ್ದು, ಮೆಕ್ಕೆಜೋಳದ ದರ ಬಿದ್ದದ್ದು, ಸಿಮೆಂಟಿನ ದರ ಏರಿದ್ದು ಎಲ್ಲ ಹೇಳಿದ. ಕೊನೆಗೆ ಗೋಡೆಗೆ ಬಂದ. ವಾಸ ಇರುವವರು ನೀವು, ಗೋಡೆ ಕಾಯುವುದು ನಿಮ್ಮನ್ನು, ಅರ್ಧ ನಿಮ್ಮದು ಅಂದ. ಮೊಮ್ಮಗ ಒಪ್ಪಿದ್ದಾನೆ ಎಂದೂ ಹೇಳಿದ.

ಎಲ್ಲರೂ ಮೊಯಿನ್‌ನ ಕಡೆ ನೋಡಿದರು. ಭಾಷಣದ ಮೊದಲ ಸಾಲು "ಮಾನ್ಯರೇ" ಎಂದಿತ್ತು. ಚಾಪೆ ಮೇಲೆ ಕೂತ ಪುಟ್ಟಪ್ಪ ಕಾಕಾನನ್ನು ಮಾನ್ಯರೇ ಎಂದು ಕರೆಯಲು ಅವನ ನಾಲಿಗೆ ಏಳಲಿಲ್ಲ. ಎರಡನೆಯ ಸಾಲು ನೆನಪಿಗೇ ಬರಲಿಲ್ಲ.

"ಅವನು ಟೈಲ್ಸ್ ಮಾರೋನು, ಎಲ್ಲದಕ್ಕೂ ಹೂಂ ಅಂತಾನೆ," ಅಂದಳು ಖತೀಜಾಬಿ. "ಮನೆ ನನ್ನ ಕೈಗೆ ಕೊಟ್ಟಿದ್ದು ನಿಮ್ಮವ್ವ. ಹೆಂಚು ನಂದು, ತೊಲೆ ತಮ್ದು ಅಂದಿದ್ರು."

"ಅವ್ವಂದು ಆ ಕಾಲದ ಮಾತು ಬೂಬಮ್ಮ. ಆವಾಗ ತೊಲೆ ಕಾಡಿಂದ ಬರ್ತಿತ್ತು, ಈಗ ಅಂಗಡಿಯಿಂದ ಬರ್ತದೆ."

"ಬಾಡಿಗೀನೂ ಆವಾಗಿಂದು ಕೊಡ್ತಿಲ್ಲಲ್ರೀ. ಈಗಿಂದೇ ಕೊಡ್ತಿದೀನಿ." ಖತೀಜಾಬಿಯ ದನಿ ಏರಲಿಲ್ಲ. "ಮನೆಗೆ ಸುಣ್ಣ ಬಣ್ಣ ಹಚ್ಚಿ ಸಿಂಗಾರ ಮಾಡೋದು ನನ್ನ ಕೆಲ್ಸ. ಇಷ್ಟು ವರ್ಷ ಮಾಡೀನಿ. ಎಲುಬು ಮುರಿದ್ರೆ ಕೂಡ್ಸೋದು ಹೆತ್ತೋರ ಕೆಲ್ಸ. ಅರ್ಧ ದುಡ್ಡು ನಾನು ಹಾಕಿದ್ರೆ, ನಾಳೆ ಹೋಗೋವಾಗ ಅರ್ಧ ಗೋಡೆ ಹೊತ್ಕೊಂಡು ಹೋಗ್ಲಾ?"

ಜಗಲಿಯಲ್ಲಿ ದುರುಗಮ್ಮನ ಸೊಪ್ಪು ಸೋಸುವ ಸದ್ದು ನಿಂತಿತು. ವರದಮ್ಮ ಸೆರಗಿನಲ್ಲಿ ಬಾಯಿ ಒರೆಸಿಕೊಂಡಳು, ನಗು ಒರೆಸಿಕೊಂಡಂತೆ. ಪುಟ್ಟಪ್ಪನಿಗೆ ಅದೇ ಹೆಚ್ಚು ಕುಟುಕಿತು. ಒಪ್ಪಿದರೆ ಕೀಲಿಕೈ ತಗೊಳ್ಳಿ, ಇಲ್ಲದಿದ್ದರೆ ಇಲ್ಲ ಎಂದು ಕೈ ಮುಂದೆ ಮಾಡಿದ.

ಖತೀಜಾಬಿ ಕೈ ಚಾಚಲಿಲ್ಲ.

ಅಷ್ಟೂ ವರ್ಷದಲ್ಲಿ ಇದೇ ಮೊದಲು. ಪುಟ್ಟಪ್ಪನ ಕೈ ಗಾಳಿಯಲ್ಲಿ ಹಾಗೇ ಇತ್ತು. ಅವನು ಅರ್ಧ ದುಡ್ಡಿಗೆ ಚೌಕಾಸಿಯಾಗುತ್ತದೆ, ಕಾಲು ಭಾಗಕ್ಕೆ ಇಳಿಯುತ್ತದೆ ಎಂದು ಎಣಿಸಿ ಬಂದಿದ್ದನೇ ಹೊರತು ಇದನ್ನಲ್ಲ.

"ಮನೆ ನಿಮ್ಮ ಹತ್ರಾನೇ ಇರ್ಲಿ ಪುಟ್ಟಪ್ನೋರೆ," ಅಂದಳು ಖತೀಜಾಬಿ. "ಗೋಡೆ ಕಟ್ಟಿಸಿ ಕರೀರಿ, ಬಾಡಿಗೆ ಮಾತಾಡೋಣ. ಈಗ ಪಾಯಸ ಕುಡೀರಿ, ಆರ್ತದೆ."

ಪಾಯಸ ಕುಡಿದರು. ಅಂದೇ ಅಜ್ಜಿ ಮೊಮ್ಮಗ ಸಂತೆಗೆ ಬಂದ ಗೂಡ್ಸ್ ಆಟೊ ಒಂದನ್ನು ಹಿಡಿದು ಪಾತ್ರೆ, ಹಾಸಿಗೆ, ಶಾವಿಗೆ ಯಂತ್ರ, ಬಿದಿರು ಕೋಲುಗಳನ್ನೆಲ್ಲ ಹೇರಿ ಸೊರಬಕ್ಕೆ ಹೊರಟರು. ಅಲ್ಲಿ ಆಸ್ಮಾಳ ಮನೆ ಇತ್ತು. ಮೊಯಿನ್‌ನ ಅಪ್ಪನದು ಅಲ್ಲೇ ಬೈಕ್ ರಿಪೇರಿ. ಆಟೊದ ಹಿಂದೆ ಯಂತ್ರ ಹಿಡಿದು ಕೂತಿದ್ದ ಮೊಯಿನ್‌ಗೆ, ಒಂದು "ಆಗುತ್ತೆ ಬಿಡಿ"ಯಿಂದ ಒಂದು ಮನೆಯನ್ನೇ ಖಾಲಿ ಮಾಡಿಸಿದ ಸೇಲ್ಸ್‌ಮನ್ ರಾಜ್ಯದಲ್ಲಿ ಇನ್ನೊಬ್ಬನಿರಲಿಕ್ಕಿಲ್ಲ ಅನಿಸಿತು. ಖತೀಜಾಬಿ ಮುಂದೆ ಡ್ರೈವರ್ ಪಕ್ಕ ಕೂತು, ಅವನ ಮನೆಯಲ್ಲಿ ಶಾವಿಗೆ ಯಾರು ಒತ್ತಿಕೊಡುತ್ತಾರೆ ಎಂದು ವಿಚಾರಿಸುತ್ತಿದ್ದಳು.

ಸೊರಬದಲ್ಲಿ ಆಸ್ಮಾ ಅತ್ತಳು. ಆಡಿ ಬೆಳೆದ ಮನೆ ಹೋಯಿತಲ್ಲ ಎಂದು ಅತ್ತಳು, ಮಗನ ಬುದ್ಧಿ ನೆನೆದು ಇನ್ನೊಮ್ಮೆ ಅತ್ತಳು. ಖತೀಜಾಬಿ ತಾರಸಿಯ ಮೇಲೆ ಕೋಲು ಕಟ್ಟಿಸಿ ಕೆಲಸ ಶುರು ಮಾಡಿದಳು. ಆದರೆ ಸೊರಬದ ಹೆಂಗಸರಿಗೆ ಅವಳ ಗುರುತಿಲ್ಲ. ಬೇಸಿಗೆಯ ನಾಲ್ಕು ದುಡಿಮೆಯ ದಿನಗಳು ಹೀಗೆ ಬರಿದಾಗಿ ಹೋದರೆ ಮಳೆಗಾಲಕ್ಕೆ ಕೈ ಖಾಲಿ. ಮೊಯಿನ್ ಅದನ್ನೇ ಹೇಳಿದಾಗ ಅವಳು, "ಗೋಡೆ ಬಾಡಿಗೆ ಕೊಡಲ್ಲ, ಬಾಡಿಗೆಯೋರು ಕೊಡ್ತಾರೆ. ಅದು ಅವನಿಗೂ ಗೊತ್ತಾಗ್ತದೆ," ಅಂದು ಹಿಡಿಕೆಗೆ ಎಣ್ಣೆ ಬಿಟ್ಟಳು.

ಗೊತ್ತಾಗಲು ಬಹಳ ದಿನ ಬೇಕಾಗಲಿಲ್ಲ. ಒಂದು ಬೆಳಿಗ್ಗೆ ಪುಟ್ಟಪ್ಪನ ಫೋನು ಬಂತು. ಮೊಯಿನ್ ಸೊರಬದಿಂದ ಶಿಕಾರಿಪುರಕ್ಕೆ ಹೊರಟ ಬಸ್ಸಿನಲ್ಲಿದ್ದ. ಶಿರಾಳಕೊಪ್ಪದಲ್ಲಿ ಐದು ನಿಮಿಷ ಇಳಿದು ಹೋಗುತ್ತೀಯೇನಪ್ಪ ಎಂದು ಪುಟ್ಟಪ್ಪ ಕೇಳಿದ. ದನಿಯಲ್ಲಿ ಜೋರಿರಲಿಲ್ಲ. ವಿಷಯ ಏನೆಂದರೆ, ಮನೆ ಬಾಗಿಲು ತೆಗೆಯಲು ಬರುತ್ತಿರಲಿಲ್ಲ.

ಕೀಲಿಕೈಯೇನೋ ಪುಟ್ಟಪ್ಪನ ಜೇಬಿನಲ್ಲಿತ್ತು. ಬೀಗ ತೆಗೆದಿದ್ದ. ಆದರೆ ಗೋಡೆಯ ಹೊಟ್ಟೆಗೆ ಸಿಕ್ಕ ಚೌಕಟ್ಟು ಬಾಗಿಲನ್ನು ಕಚ್ಚಿ ಹಿಡಿದಿತ್ತು. ಅದನ್ನು ತೆಗೆಯುವ ಉಪಾಯ ಆ ಮನೆಯಲ್ಲಿದ್ದವರಿಗೇ ಗೊತ್ತು: ಎಡಗಾಲಿನ ಹೆಬ್ಬೆರಳನ್ನು ಬಾಗಿಲಿನಡಿ ತೂರಿಸಿ ಎತ್ತಬೇಕು, ಅದೇ ಹೊತ್ತಿಗೆ ಬಲ ಭುಜದಿಂದ ಗುಮ್ಮಬೇಕು. ಮೊಯಿನ್ ಹೋದಾಗ ಪುಟ್ಟಪ್ಪ ಬೆವತು ನಿಂತಿದ್ದ. ಮನೆ ನೋಡಲು ಬಂದಿದ್ದ ಗಂಡ ಹೆಂಡತಿ ನೆರಳಿನಲ್ಲಿ ನಿಂತಿದ್ದರು. ಹೆಂಡತಿ ನಯನ, ಕೆಲಸದ ಮೇಲೆ ಊರಿಗೆ ವರ್ಗವಾಗಿ ಬಂದವಳು. ಗಂಡ ನಾಗೇಶ್ ಬೀಜ ಗೊಬ್ಬರದ ವ್ಯಾಪಾರದವನು, ಹೆಂಡತಿ ಮಾತಾಡುವಾಗ ಮೊಬೈಲ್ ನೋಡುವವನು.

ತನ್ನ ನಾನಿಮಾಳನ್ನು ಹೊರಗೆ ಹಾಕಿದ ಮನೆಯ ಬಾಗಿಲನ್ನು ಬೇರೆ ಬಾಡಿಗೆಯವರಿಗಾಗಿ ಮೊಯಿನ್ ಗುಮ್ಮಿ ತೆಗೆದುಕೊಟ್ಟ. ಅಷ್ಟಕ್ಕೇ ಬಸ್ಸು ಹಿಡಿದಿದ್ದರೆ ಮರ್ಯಾದೆಯಾದರೂ ಉಳಿಯುತ್ತಿತ್ತು. ಆದರೆ ನಯನ, ಒಳಗೆ ಸೆಕೆ ಜಾಸ್ತಿಯೇ ಎಂದು ಕೇಳಿಬಿಟ್ಟಳು. ಗಿರಾಕಿ ಕೇಳಿದ ಮೇಲೆ ಮೊಯಿನ್‌ನ ಬಾಯಿ ಮೊಯಿನ್‌ನ ಮಾತು ಕೇಳುವುದಿಲ್ಲ. ಹೆಂಚಿನ ಮನೆಯ ತಂಪು, ಹಿತ್ತಲ ಬಾಗಿಲು ತೆಗೆದಿಟ್ಟರೆ ಮಧ್ಯಾಹ್ನ ಬರುವ ಗಾಳಿ, ಬೇಸಿಗೆಯಲ್ಲೂ ಬತ್ತದ ನೀರು, ಕರೆದರೆ ಓಗೊಡುವ ಎದುರು ಮನೆಯ ದುರುಗಮ್ಮ, ಒಂದನ್ನೂ ಬಿಡಲಿಲ್ಲ. ನಯನಳ ಮುಖ ಅರಳುತ್ತಾ ಹೋಯಿತು. ಪುಟ್ಟಪ್ಪನ ಮುಖವೂ ಅರಳಿತು. ಹುಡುಗನಿಗೆ ಕಮಿಷನ್ ಕೊಡಬೇಕಾದೀತೇನೋ ಎನ್ನುವ ಮಟ್ಟಕ್ಕೆ ಅರಳಿತು.

ಅಷ್ಟರಲ್ಲಿ ನಯನ ನೀಲಗಿರಿ ಕಂಬಗಳ ಮುಂದೆ ನಿಂತಳು. ಗೋಡೆಯ ಹೊಟ್ಟೆಯ ಮೇಲೆ ಅಂಗೈ ಇಟ್ಟು ನೋಡಿದಳು. ಇದನ್ನು ಯಾರು ಸರಿ ಮಾಡಿಸುತ್ತಾರೆ ಎಂದು ಕೇಳಿದಳು.

"ಅರ್ಧ ನಾವು, ಅರ್ಧ ನೀವು ಅಂತ ಮಾಡ್ಕೊಂಡ್ರೆ ಆತು," ಅಂದ ಪುಟ್ಟಪ್ಪ. ಆಮೇಲೆ ಭರವಸೆಯಿಂದ ತಿರುಗಿದ. "ಆಗ್ತದಲ್ಲೇನಪಾ, ಮೊಯಿನ?"

ಆ ಎರಡು ಪದ ಮೊಯಿನ್‌ನ ಗಂಟಲಿನಲ್ಲಿ ಸಾಲುಗಟ್ಟಿ ನಿಂತಿದ್ದವು. ಕಂಬಗಳ ಆಚೆ, ಶಾವಿಗೆ ಯಂತ್ರ ಇದ್ದ ಜಾಗದಲ್ಲಿ ನೆಲ ಬೇರೆ ಬಣ್ಣವಾಗಿತ್ತು. ವರ್ಷಗಟ್ಟಲೆ ರವೆ ಉದುರಿ, ವರ್ಷಗಟ್ಟಲೆ ಒರೆಸಿ ನುಣ್ಣಗಾದ ನೆಲ.

"ಆಗಲ್ಲ ಕಾಕಾ," ಅಂದ ಮೊಯಿನ್.

ಹೇಳಿದ್ದು ಯಾರೆಂದು ನೋಡುವಂತೆ ಪುಟ್ಟಪ್ಪ ಸುತ್ತ ನೋಡಿದ. ಮೊಯಿನ್‌ಗೂ ಹಾಗೇ ಅನಿಸಿತ್ತು. ಆದರೆ ಒಮ್ಮೆ ಬಾಯಿ ತೆರೆದ ಮೇಲೆ ಮಿಕ್ಕದ್ದು ತಾನಾಗಿ ಬಂತು. "ಮೇಡಂ, ನಲ್ಲಿ ಕೆಟ್ರೆ ನೀವು ಹಾಕಿಸ್ಕೊಳ್ಳಿ. ಹೆಂಚು ಒಡೆದ್ರೆ ನೀವು, ಸುಣ್ಣ ನೀವು. ನಮ್ಮ ನಾನಿಮಾ ಎಲ್ಲಾ ಮಾಡಿದಾರೆ. ಗೋಡೆ, ತೊಲೆ ಓನರ್ದು. ಅವರು ಕಟ್ಟಿಸದೆ ಒಳಗೆ ಬರಬೇಡಿ."

ನಾಗೇಶ್ ಮೊಬೈಲಿನಿಂದ ಕಣ್ಣೆತ್ತಿದ. ನಯನ ಕೈಗೆ ಹತ್ತಿದ ಮಣ್ಣು ಕೊಡವಿಕೊಂಡಳು. ಮನೆ ತನಗೆ ಹಿಡಿಸಿದೆ, ಗೋಡೆ ಕಟ್ಟಿಸಿ ಫೋನ್ ಮಾಡಿ, ಬಾಡಿಗೆ ಬೇಕಾದರೆ ಹಳಬರಿಗಿಂತ ಒಂದಿಷ್ಟು ಹೆಚ್ಚೇ ಕೊಡುತ್ತೇವೆ ಎಂದು ಹೇಳಿ ಹೋದಳು.

ಪುಟ್ಟಪ್ಪ ಜಗಲಿಯ ಮೇಲೆ ಕೂತ. ಬೇರೆ ಯಾರಾದರೂ ಬಂದಿದ್ದರಾ ಎಂದು ಮೊಯಿನ್ ಕೇಳಿದ. ಬಂದಿದ್ದರು. ಕೆಲವರಿಗೆ ಬಾಗಿಲೇ ತೆಗೆಯಲಾಗಲಿಲ್ಲ. ಕಿಟಕಿಯಲ್ಲಿ ಇಣುಕಿದವರೂ ಇದೇ ಪ್ರಶ್ನೆ ಕೇಳಿ ಹೋಗಿದ್ದರು. ಮೊಯಿನ್‌ಗೆ ಬಸ್ಸು ತಪ್ಪಿತು, ಅಂಗಡಿಯಲ್ಲಿ ಅರ್ಧ ದಿನದ ಸಂಬಳ ಮುರಿದರು.

ಅದಕ್ಕಿಂತ ಹೆಚ್ಚು ಚುಚ್ಚಿದ್ದು ಬೇರೆ. ಗೋಡೆ ಈಗ ಏಳುತ್ತದೆ, ಸಂಶಯವಿಲ್ಲ. ಆದರೆ ಎದ್ದ ಗೋಡೆಯ ಮನೆಗೆ ಹೆಚ್ಚು ಬಾಡಿಗೆಯ ಗಿರಾಕಿಯನ್ನೂ ತಾನೇ ಗಾಳಿ, ನೀರು, ನೆರೆಹೊರೆ ಬಣ್ಣಿಸಿ ತಯಾರು ಮಾಡಿಟ್ಟಿದ್ದ. ಸಂಜೆ ಸೊರಬದ ತಾರಸಿಯ ಮೇಲೆ ನಾನಿಮಾಳಿಗೆ ಎಲ್ಲ ಹೇಳಿದ. ಕೊನೆಯದನ್ನು ಕೇಳಿದಾಗ ಮಾತ್ರ ಖತೀಜಾಬಿಯ ಕೈ ಹಿಡಿಕೆಯ ಮೇಲೆ ಒಂದು ಗಳಿಗೆ ನಿಂತಿತು.

"ಗೋಡೆ ಮೊದ್ಲು ಏಳ್ಲಿ," ಅಂದಳು. ಮತ್ತೆ ತಿರುಗಿಸಿದಳು.

ಅಡ್ಡಮಳೆ ಎರಡು ಸಲ ಬಂದು ಹೆದರಿಸಿದ ಮೇಲೆ ಪುಟ್ಟಪ್ಪ ಗೋಡೆ ಇಳಿಸಿದ. ಮುಂಗೋಡೆಯಿಲ್ಲದ ಮನೆ ಬೀದಿಗೆ ಬಾಯಿ ತೆರೆದು ಕೂತಿತು. ಮರಳು, ಇಟ್ಟಿಗೆ, ಸಿಮೆಂಟು ಕಾಯಲು ಯಾರಾದರೂ ಬೇಕಲ್ಲ. ಆಳು ಸಿಗಲಿಲ್ಲ, ಪುಟ್ಟಪ್ಪನೇ ಮಂಚ ಹಾಕಿಕೊಂಡು ಅಲ್ಲೇ ಉಳಿದ. ಹಾಗೆ ಉಳಿದದ್ದರಿಂದ ಆದದ್ದನ್ನು ದುರುಗಮ್ಮ ದಿನಾ ಫೋನಿನಲ್ಲಿ ಖತೀಜಾಬಿಗೆ ವರದಿ ಒಪ್ಪಿಸುತ್ತಿದ್ದಳು.

ಮನೆ ತೆರೆದಿದೆ ಎಂದು ಕಂಡ ಹೆಂಗಸರು ರವೆಯ ಡಬ್ಬಿ ತಂದರು. ಬೂಬಮ್ಮ ಎಲ್ಲಿ ಎಂದು ಕೇಳಿದರು. ಬಿಡಿಸಿ ಬಿಡಿಸಿ ಕೇಳುತ್ತಿದ್ದ ಅವರಿಗೆಲ್ಲ, ಅರ್ಧ ದುಡ್ಡು ಕೊಡಲಿಲ್ಲವೆಂದು ಕಳಿಸಿದೆ ಎಂದು ಹೇಳಲು ಪುಟ್ಟಪ್ಪನಿಗೆ ನಾಲಿಗೆ ಬರಲಿಲ್ಲ. ಸೊರಬಕ್ಕೆ ಮಗಳ ಮನೆಗೆ ಹೋಗಿದ್ದಾರೆ, ಬರುತ್ತಾರೆ ಅಂದ. ಯಾವಾಗ ಅಂದರು. ಗೋಡೆ ಆದ ಕೂಡಲೇ ಅಂದ. ಹಾಗಾದರೆ ಡಬ್ಬಿ ಇಲ್ಲೇ ಇರಲಿ, ಹೊತ್ತುಕೊಂಡು ಎಲ್ಲಿ ಹೋಗುವುದು ಎಂದು ಇಟ್ಟು ಹೋದರು. ಒಂದು ಡಬ್ಬಿ ಕಂಡ ಇನ್ನೊಬ್ಬಳು ತನ್ನದನ್ನೂ ಅದರ ಪಕ್ಕ ಇಟ್ಟಳು. ಬಳ್ಳಿಗಾವಿಯಿಂದ ಸದಾಶಿವಪ್ಪನ ಮನೆಯವರು ಮಗಳ ಮದುವೆಗೆಂದು ಒಂದು ದೊಡ್ಡ ಡಬ್ಬಿಯನ್ನೇ ಕಳಿಸಿ, ಮದುವೆಯೊಳಗೆ ಒಣಗಿ ಸಿಗಬೇಕು, ಆಗುತ್ತದಾ ಎಂದು ಕೇಳಿದರು.

"ಆಗ್ತದೆ ಬಿಡ್ರಿ," ಅಂದನಂತೆ ಪುಟ್ಟಪ್ಪ.

ಇದನ್ನು ಕೇಳಿ ಮೊಯಿನ್‌ಗೆ ಮೊದಲ ಬಾರಿಗೆ ಪುಟ್ಟಪ್ಪ ಕಾಕಾನ ಮೇಲೆ ಮರುಕ ಹುಟ್ಟಿತು. ಆ ರೋಗ ಎಲ್ಲಿಗೆ ಒಯ್ಯುತ್ತದೆ ಎಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು?

ಗೋಡೆ ಎದ್ದಿತು. ತೊಲೆ ಬದಲಾಯಿತು. ಗಿಲಾವು ಹಸಿಯಿರುವಾಗಲೇ ನಯನ ಬಂದು ನೋಡಿ, ಈ ತಿಂಗಳೇ ಬರುತ್ತೇವೆ ಅಂದಳು. ಪುಟ್ಟಪ್ಪ ಆ ಕಡೆ ಹೆಚ್ಚಿನ ಬಾಡಿಗೆ ನೋಡಿದ, ಈ ಕಡೆ ಪಡಸಾಲೆಯ ತುಂಬ ಸಾಲಾಗಿ ಕೂತ ರವೆಯ ಡಬ್ಬಿಗಳನ್ನು ನೋಡಿದ. ಊರ ಹೆಂಗಸರಿಗೆಲ್ಲ ಕೊಟ್ಟ ಮಾತು ಆ ಡಬ್ಬಿಗಳಲ್ಲಿ ಕೂತಿತ್ತು. ಅಷ್ಟು ಡಬ್ಬಿಗಳನ್ನು ತಿರುಗಿ ಹಂಚಲು ಹೊರಟರೆ ಪ್ರತಿ ಬಾಗಿಲಲ್ಲೂ ಒಂದೊಂದು ಕಾರಣ ಹೇಳಬೇಕು. ವರದಮ್ಮ ಮಾತ್ರ ಯಾವ ಕಡೆಯೂ ನೋಡಲಿಲ್ಲ. ಅತ್ತೆಯ ಮೊರ ತೊಳೆದು ಬಿಸಿಲಿಗಿಟ್ಟಳು, ಒಣಗಿದ ಮೇಲೆ ಅಕ್ಕಿ ತುಂಬಿದಳು, ಸೊರಬದ ಬಸ್ಸು ಎಷ್ಟು ಹೊತ್ತಿಗೆ ಎಂದು ಗಂಡನನ್ನು ಕೇಳಿದಳು. ದುರುಗಮ್ಮ ತನ್ನ ಮನೆಯ ಹಿಂಭಾಗದ ಎರಡು ಕೋಣೆಯನ್ನು ನಯನಳಿಗೆ ತೋರಿಸಿದಳು. ಅಲ್ಲೂ ಗಾಳಿ ಚೆನ್ನಾಗಿತ್ತು.

ಸೊರಬದ ಮನೆಯ ಮುಂದೆ ಅವರಿಬ್ಬರು ಬಂದು ನಿಂತಾಗ ಅದು ಮೊಯಿನ್‌ನ ವಾರದ ರಜೆಯ ದಿನ. ಆಸ್ಮಾ ಗಡಿಬಿಡಿಯಿಂದ ಚಾಪೆ ಹಾಸಿದಳು. ವರದಮ್ಮ ಮೊರವನ್ನು ಖತೀಜಾಬಿಯ ಮುಂದಿಟ್ಟಳು. ಕೀಲಿಕೈ ಹೊಸದು, ಬೆಲ್ಲ ಹಳೆಯ ಅಂಗಡಿಯದೇ.

"ಗೋಡೆ ಪೂರಾ ನಂದೇ ಬೂಬಮ್ಮ," ಅಂದ ಪುಟ್ಟಪ್ಪ. "ಅವ್ವನ ಮಾತು ಅವ್ವಂದೇ. ಆದ್ರೆ ಡಬ್ಬಿಗಳು ಮಾತ್ರ ನಿಮ್ವು. ಎಷ್ಟದಾವೆ ಅಂತ ನಾನು ಹೇಳಲ್ಲ, ನೀವೇ ಬಂದು ನೋಡ್ರಿ."

ಖತೀಜಾಬಿ ನಕ್ಕಳು. ಬಾಡಿಗೆಯ ಮಾತನ್ನು ಅವಳೇ ಎತ್ತಿದಳು. ಹೊಸ ಗೋಡೆಯ ಮನೆಗೆ ಹಳೆ ಗೋಡೆಯ ಬಾಡಿಗೆ ಕೊಡುವುದು ನ್ಯಾಯವಲ್ಲ, ಸ್ವಲ್ಪ ಏರಿಸಿ ಅಂದಳು. "ಗೋಡೆ ನಿಮ್ದು, ಅದರ ನೆರಳು ನಂದು. ನೆರಳಿಗೆ ಎಷ್ಟಾಗ್ತದೆ ಕೇಳ್ರಿ, ಕೊಡ್ತೀನಿ." ಪುಟ್ಟಪ್ಪ ಒಂದು ಮಾತು ಹೇಳಿದ, ಅವಳು ಅದನ್ನು ಒಂದಿಷ್ಟು ಇಳಿಸಿದಳು. ಎಂದಿನಂತೆ ಆಯಿತು.

ಆಮೇಲೆ ಕೈ ಚಾಚಿದಳು.

ಅಕ್ಕಿ ಡಬ್ಬಿಯ ತಳದ ಕಾಸಿಗೆ ಮೋಟಾರು ಯಂತ್ರ ಬಂತು. ಅದನ್ನು ಶಿವಮೊಗ್ಗದಿಂದ ತಂದವನು ಮೊಯಿನ್. ಮರಳಿ ಹೋಗುವ ದಿನ ಗೂಡ್ಸ್ ಆಟೊದಲ್ಲಿ ಯಂತ್ರವನ್ನು ಅಪ್ಪಿಕೊಂಡು ಕೂತವನೂ ಅವನೇ. ಪೇಟೆ ಬೀದಿಯಲ್ಲಿ ಹೆಂಗಸರು ಆಗಲೇ ಜಗಲಿ ತುಂಬಿದ್ದರು. ನಾನಿಮಾ ಇಳಿಯುವಷ್ಟರಲ್ಲಿ ಬಾಗಿಲು ತೆಗೆದು ಎಲ್ಲರ ಕಣ್ಣಿಗೂ ಬೀಳೋಣ ಎಂದು ಮೊಯಿನ್ ಕೀಲಿಕೈ ಇಸಿದುಕೊಂಡು ಮುಂದೆ ಓಡಿದ. ಬೀಗ ತೆಗೆದ. ಎಡಗಾಲ ಹೆಬ್ಬೆರಳನ್ನು ಬಾಗಿಲಿನಡಿ ತೂರಿಸಿದ, ಬಲ ಭುಜದಿಂದ ಗುಮ್ಮಿದ.

ಹೊಸ ಗೋಡೆಯ ಹೊಸ ಚೌಕಟ್ಟಿನ ಬಾಗಿಲಿಗೆ ಬೆರಳು ತಾಕಿಸಿದ್ದರೂ ಸಾಕಿತ್ತು. ಬಾಗಿಲು ಗಾಳಿಗೆ ಸರಿದ ಪರದೆಯಂತೆ ಸರಿಯಿತು. ಮೊಯಿನ್ ನೇರ ಒಳಗೆ ಹೋಗಿ ರವೆಯ ಡಬ್ಬಿಗಳ ನಡುವೆ ಬಿದ್ದ.

ಖತೀಜಾಬಿ ಹೊಸ್ತಿಲ ಮೇಲೆ ನಿಂತು ಮೊದಲು ಗೋಡೆಯನ್ನು ಮೇಲಿನಿಂದ ಕೆಳಗಿನ ತನಕ ನೋಡಿದಳು, ಆಮೇಲೆ ತೊಲೆ ನೋಡಿದಳು, ಕೊನೆಗೆ ಮೊಮ್ಮಗನನ್ನು.

"ಎದ್ದೇಳು ಬೇಟಾ," ಅಂದಳು. "ಡಬ್ಬಿ ಏನಾದ್ರೂ ಒಡೆದಿದ್ರೆ ಅದು ಓನರ್ದಲ್ಲ, ನಿಂದು."